ಈ ವಸಂತಕ್ಕೆ ದುಬೈ ಬೇಡ, ಸಿತ್ರಾದಿಂದಲೇ ಹೊರಡೋಣ

ಫೆಬ್ರವರಿ ಮುಗಿಯುತ್ತಾ ಬಂತು ಅಂದ್ರೆ ಬಹರೈನಿನ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ. ಈ ಸಲ ಎಲ್ಲಿಗೆ ಹೋಗೋದು? ಒಬ್ಬರು ದುಬೈ ಅಂತಾರೆ. ಇನ್ನೊಬ್ಬರು ಸೇತುವೆ ದಾಟಿ ಸೌದಿ ಕಡೆ ಹೋಗಿ ಬರೋಣ ಅಂತಾರೆ. ಮೂರನೆಯವರು ಯಾವುದಾದ್ರೂ ರೆಸಾರ್ಟ್‌ನಲ್ಲಿ ಒಂದು ದಿನ ಬಿದ್ದುಕೊಳ್ಳೋಣ ಅಂತಾರೆ. ಕೊನೆಗೆ ಯಾವುದೂ ತೀರ್ಮಾನ ಆಗದೆ ಏಪ್ರಿಲ್ ಬಂದುಬಿಡುತ್ತೆ, ಮೇ ಬಂದ ಮೇಲೆ ಬಿಸಿಲಿಗೆ ಮನೆ ಬಿಟ್ಟು ಹೊರಗೆ ಬರೋರು ಯಾರು? ಅಲ್ಲಿಗೆ ಆ ವರ್ಷದ ವಸಂತ ಮುಗೀತು.

ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ಹೆಸರನ್ನ ನಾನು ಹೇಳ್ತೀನಿ. ಸಿತ್ರಾ. ಹೌದು ಸ್ವಾಮಿ, ಅದೇ ಸಿತ್ರಾ. ಎಣ್ಣೆ ಟ್ಯಾಂಕು, ಗೋಡೌನು, ಗ್ಯಾರೇಜು, ಲೇಬರ್ ಕ್ಯಾಂಪುಗಳ ಸಿತ್ರಾ. ಅಲ್ಲಿಂದ ಹೊರಟು ಮನಾಮಾ, ಮುಹರ್ರಖ್, ಆಮೇಲೆ ಉತ್ತರದ ಬಹರೈನ್ ಕೋಟೆ... ಹೀಗೆ ಕರಾವಳಿ ಹಿಡಿದು ಎರಡು ದಿನದ ಒಂದು ಪ್ರವಾಸ. ಇಡೀ ದೇಶ ಉತ್ತರ-ದಕ್ಷಿಣ ಸುಮಾರು 48 ಕಿಲೋಮೀಟರ್, ಅಗಲ ಹೆಚ್ಚಂದ್ರೆ 16. ಕುಂದಾಪುರದಿಂದ ಉಡುಪಿಗೆ ಹೋಗಿ ಬಂದಷ್ಟು ದೂರ ಕೂಡ ಆಗಲ್ಲ. ಆದ್ರೆ ಇಲ್ಲೇ ಹತ್ತು-ಹದಿನೈದು ವರ್ಷ ಕಳೆದು, ಈ ದಾರಿಯನ್ನ ಒಮ್ಮೆಯೂ ನೋಡಿದ್ದೇವೆ ಅನ್ನೋ ಹಾಗೆ ನೋಡದೇ ಊರಿಗೆ ವಾಪಸ್ ಹೋಗೋರೇ ಜಾಸ್ತಿ.

"ಬಹರೈನ್‌ನಲ್ಲಿ ನೋಡೋಕೆ ಏನ್ರೀ ಇದೆ?" ಅನ್ನೋದು ನಮ್ಮವರ ಮಾಮೂಲಿ ಮಾತು. ಆ ಮಾತಿಗೆ ಉತ್ತರ ಕೊಡೋದಕ್ಕೇ ಈ ಬರಹ.

ಮೊದಲು ಸಿತ್ರಾದ ಕಥೆಯನ್ನೇ ತೊಗೊಳ್ಳಿ. ಇವತ್ತು ಕೈಗಾರಿಕೆಯ ಹೊಗೆ ಕಾಣೋ ಈ ದ್ವೀಪ ಒಂದು ಕಾಲಕ್ಕೆ ಖರ್ಜೂರದ ತೋಟ ಮತ್ತು ಸಿಹಿನೀರಿನ ಬುಗ್ಗೆಗಳ ಊರು. ಮಹಝ್ಝಾ, ವಾದಿಯಾನ್, ಸುಫಾಲಾ ಅಂತೆಲ್ಲ ಹೆಸರಿನ ಹಳ್ಳಿಗಳು ಈಗಲೂ ಇವೆ. ಜನ ಮೀನು ಹಿಡೀತಿದ್ರು, ತೋಟ ಮಾಡ್ತಿದ್ರು, ಬೇಸಿಗೆಯಲ್ಲಿ ಮುತ್ತಿನ ದೋಣಿ ಹತ್ತುತ್ತಿದ್ರು. ಅರಬ್ಬಿಯಲ್ಲಿ 'ಬಹರೈನ್' ಅಂದ್ರೆ ಎರಡು ಸಮುದ್ರ. ಒಂದು ಉಪ್ಪುನೀರಿನದ್ದು, ಇನ್ನೊಂದು ಅದರ ತಳದಲ್ಲಿ ಉಕ್ಕುವ ಸಿಹಿನೀರಿನದ್ದು ಅಂತ ಒಂದು ವಿವರಣೆ. ಇದು ಬರೀ ಕಥೆಯಲ್ಲ. ಮುತ್ತು ಹೆಕ್ಕೋರು ಚರ್ಮದ ಚೀಲ ಹಿಡಿದು ಸಮುದ್ರದಡಿಗೆ ಮುಳುಗಿ, ಬುಗ್ಗೆ ಬಾಯಿಂದ ಕುಡಿಯೋ ನೀರು ತುಂಬಿಕೊಂಡು ಬರ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಆ ಬುಗ್ಗೆಗಳಲ್ಲಿ ಹೆಚ್ಚಿನವು ಬತ್ತಿದವು. ಈಗ ನಮ್ಮ ನಲ್ಲಿಯಲ್ಲಿ ಬರೋದು ಮುಖ್ಯವಾಗಿ ಸಮುದ್ರದ ನೀರನ್ನ ಸಿಹಿ ಮಾಡಿದ ನೀರು.

1932ರಲ್ಲಿ ಇಲ್ಲಿ ಎಣ್ಣೆ ಸಿಕ್ತು. ಕೊಲ್ಲಿಯ ಅರಬ್ ತೀರದಲ್ಲಿ ಅದೇ ಮೊದಲು. 1934ರಲ್ಲಿ ರಫ್ತು ಶುರು, 1936ರಲ್ಲಿ ಶುದ್ಧೀಕರಣ ಘಟಕ. ಆ ಎಣ್ಣೆ ಹಡಗು ಹತ್ತೋದು ಸಿತ್ರಾದ ಕಟ್ಟೆಯಿಂದ. 1940ರ ಅಕ್ಟೋಬರ್‌ನಲ್ಲಿ ಇಟಲಿಯ ವಿಮಾನಗಳು ಇಷ್ಟು ದೂರ ಹಾರಿ ಬಂದು ಈ ರಿಫೈನರಿ ಮೇಲೆ ಬಾಂಬ್ ಹಾಕಲು ನೋಡಿದ್ವು ಅಂದ್ರೆ ಇದರ ಬೆಲೆ ಎಷ್ಟಿತ್ತು ಅಂತ ಲೆಕ್ಕ ಹಾಕಿ. ಹಾಗಾಗಿ "ನೋಡೋಕೆ ಏನಿದೆ" ಅನ್ನೋರಿಗೆ ನಾನು ಮೊದಲು ತೋರಿಸೋದು ಕೋಟೆಯನ್ನಲ್ಲ, ಸಿತ್ರಾದ ಮೀನುಗಾರರ ಬಂದರನ್ನ. ಬೆಳಿಗ್ಗೆ ಆರಕ್ಕೆ ಹೋಗಿ ನಿಂತರೆ ಒಂದು ಕಡೆ ಬಲೆ ಬಿಡಿಸೋ ದೋಣಿಗಳು, ಇನ್ನೊಂದು ಕಡೆ ಎಣ್ಣೆ ಟ್ಯಾಂಕುಗಳು. ಬಹರೈನಿನ ನೂರು ವರ್ಷದ ಚರಿತ್ರೆ ಕತ್ತು ತಿರುಗಿಸಿದರೆ ಕಾಣುತ್ತೆ. ಅದಕ್ಕೆ ಟಿಕೆಟ್ ಇಲ್ಲ.

ತಿಂಡಿಯೂ ಅಲ್ಲೇ ಸುತ್ತಮುತ್ತ ಆಗಲಿ. ಹಳ್ಳಿಯ ರೊಟ್ಟಿ ಅಂಗಡಿಯಲ್ಲಿ ತಂದೂರ್ ಒಲೆಯಿಂದ ತೆಗೆದ ಬಿಸಿ ಖುಬ್ಝ್, ಜೊತೆಗೆ ಬೇಯಿಸಿದ ಕಡಲೆ. ಇಲ್ಲಿಯವರು ನಖ್ಖಿ ಅಂತಾರೆ. ದೊಡ್ಡ ಅವರೆಯಂಥ ಕಾಳಿನದ್ದು ಬಾಜಿಲ್ಲಾ. ಕೆಲವು ನೂರು ಫಿಲ್ಸ್‌ನಲ್ಲಿ ಹೊಟ್ಟೆ ತುಂಬುತ್ತೆ, ಸಸ್ಯಾಹಾರಿಗಳಿಗೂ ಚಿಂತೆ ಇಲ್ಲ. ಒಂದೇ ಎಚ್ಚರಿಕೆ: ಕಂದು ಬಣ್ಣದ ತೆಳು ಸಾಸ್ ಸವರಿ ರೊಟ್ಟಿ ಕೊಟ್ಟರೆ ಅದು ಮಹ್ಯಾವಾ, ಮೀನನ್ನ ಹುಳಿ ಬರಿಸಿ ಮಾಡಿದ್ದು. ಮೀನು ತಿನ್ನೋರು ಮಾತ್ರ ಬಿಡಬೇಡಿ. ಒಣಮೀನಿನ ಚಟ್ನಿ ತಿಂದು ಬೆಳೆದ ನಾಲಿಗೆಗೆ ಎರಡೇ ತುತ್ತಿಗೆ ಹಿಡಿಸಿಬಿಡುತ್ತೆ. ಹಾಗೇ ಬಲಾಲೀತ್. ಸಕ್ಕರೆ, ಏಲಕ್ಕಿ, ಕೇಸರಿ ಹಾಕಿದ ಶಾವಿಗೆ, ಅದರ ಮೇಲೊಂದು ಆಮ್ಲೆಟ್! ಶಾವಿಗೆ ಮೇಲೆ ಮೊಟ್ಟೆನಾ ಅಂತ ಮುಖ ಸಿಂಡರಿಸಬೇಡಿ, ತಿಂದು ನೋಡಿ ಆಮೇಲೆ ಹೇಳಿ.

ಸಿತ್ರಾದಿಂದ ಮನಾಮಾಗೆ ಸೇತುವೆ ದಾಟುವಾಗ ಕಾರಿನ ವೇಗ ಸ್ವಲ್ಪ ಕಮ್ಮಿ ಮಾಡಿ. ಎಡಕ್ಕೆ ಕಾಣೋದು ತುಬ್ಲಿ ಕೊಲ್ಲಿ. ಅದರ ಒಳಭಾಗದ ರಾಸ್ ಸನದ್‌ನಲ್ಲಿ ಕಾಂಡ್ಲಾ ಕಾಡು ಇದೆ. ಕುಂದಾಪುರ, ಕಾರವಾರದವರಿಗೆ ಕಾಂಡ್ಲಾ ಏನು ಅಂತ ಹೇಳಬೇಕಿಲ್ಲ. ಸೀಗಡಿ ಮರಿ, ಮೀನು ಮರಿಗಳ ತೊಟ್ಟಿಲು ಅದು. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. 1997ರಲ್ಲೇ ಈ ಕೊಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ಮಣ್ಣು ತುಂಬಿ ತುಂಬಿ ಹಳೇ ಕೊಲ್ಲಿಯ ಹೆಚ್ಚುಕಮ್ಮಿ ಅರ್ಧ ಭಾಗ ಹೋಗಿಯೇಬಿಟ್ಟಿದೆ.

ಇಲ್ಲೇ ನನ್ನ ಮೊದಲ ವಾದ. ಈ ಕರಾವಳಿ ನಮ್ಮ ಕಣ್ಣೆದುರೇ ಜಾಗ ಬದಲಿಸ್ತಾ ಇದೆ. 1960ರ ದಶಕದಲ್ಲಿ ಸುಮಾರು 670 ಚದರ ಕಿಲೋಮೀಟರ್ ಇದ್ದ ದೇಶ ಇವತ್ತು 780 ದಾಟಿದೆ. ದೇಶ ದೊಡ್ಡದಾಗಿದ್ದು ಯುದ್ಧ ಗೆದ್ದು ಅಲ್ಲ, ಸಮುದ್ರಕ್ಕೆ ಮಣ್ಣು ಸುರಿದು. ಮನಾಮಾದ ಬಾಬ್ ಅಲ್ ಬಹರೈನ್ ಹೆಬ್ಬಾಗಿಲ ಮುಂದೆ ನಿಂತು ಸಮುದ್ರ ಎಲ್ಲಿ ಅಂತ ಹುಡುಕಿ ನೋಡಿ. 1940ರ ದಶಕದಲ್ಲಿ ಅದನ್ನ ಕಟ್ಟಿದಾಗ ಅಲೆ ಹತ್ತಿರದಲ್ಲೇ ಇತ್ತು, ಈಗ ಎದುರಿಗೆ ಗಗನಚುಂಬಿಗಳ ಸಾಲು. ತೀರದ ಎಷ್ಟೋ ಭಾಗಕ್ಕೆ ಗೋಡೆ, ಬೇಲಿ, ಗೇಟು. ನೀರಿಗೆ ಕಾಲು ಅದ್ದೋಕೂ ಟಿಕೆಟ್ ತೊಗೋಬೇಕಾದ ಜಾಗಗಳಿವೆ. "ಮುಂದಿನ ವರ್ಷ ನೋಡೋಣ ಬಿಡಿ" ಅಂತ ಇಲ್ಲಿಯ ಕರಾವಳಿ ಬಗ್ಗೆ ಹೇಳೋ ಹಾಗಿಲ್ಲ. ಮುಂದಿನ ವರ್ಷ ಅದು ಅಲ್ಲೇ ಇರುತ್ತೆ ಅಂತ ಖಾತ್ರಿ ಇಲ್ಲ.

ಮನಾಮಾದಲ್ಲಿ 1988ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂಗೆ ಒಂದೆರಡು ಗಂಟೆ ಕೊಡಿ. ದಿಲ್ಮುನ್ ಕಾಲದ ಸಮಾಧಿ ದಿಬ್ಬವನ್ನ ಒಳಗೇ ತಂದಿಟ್ಟಿದ್ದಾರೆ. ಮಕ್ಕಳಿಗೆ ಬೋರ್ ಆಗುತ್ತೆ ಅನ್ನೋರು ಅದನ್ನ ತೋರಿಸಿ ನೋಡಿ. ಅಲ್ಲಿಂದ ಹಳೇ ಪೇಟೆಯ ಗಲ್ಲಿಗೆ ಬಂದರೆ ಶ್ರೀನಾಥಜಿ ದೇವಸ್ಥಾನ. ಸಿಂಧ್ ಪ್ರಾಂತ್ಯದ ಥಟ್ಟಾದಿಂದ ಬಂದ ಹಿಂದೂ ವ್ಯಾಪಾರಿಗಳು ಸುಮಾರು ಇನ್ನೂರು ವರ್ಷದ ಹಿಂದೆ ಕಟ್ಟಿದ್ದು. ಅವರು ಬಂದದ್ದು ಎಣ್ಣೆಗಲ್ಲ, ಮುತ್ತಿನ ವ್ಯಾಪಾರಕ್ಕೆ.

ಈ ಮುತ್ತಿನ ಕಥೆ ಪೂರ್ತಿ ಗೊತ್ತಾಗಬೇಕಾದ್ರೆ ಮುಹರ್ರಖ್‌ಗೆ ಹೋಗಬೇಕು. ಬೂ ಮಾಹಿರ್ ಕೋಟೆಯ ಹತ್ತಿರದ ತೀರದಿಂದ ದೋಣಿಗಳು ಹೊರಡುತ್ತಿದ್ದವು. ಅಲ್ಲಿಂದ ಊರೊಳಗೆ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಒಂದು ನಡಿಗೆಯ ದಾರಿ ಮಾಡಿದ್ದಾರೆ, ಮುತ್ತಿನ ಹಾದಿ. ಸಮುದ್ರದೊಳಗಿನ ಮೂರು ಮುತ್ತಿನ ಚಿಪ್ಪಿನ ಹಾಸು, ಒಂದು ತುಂಡು ತೀರ, ಈ ಕೋಟೆ ಮತ್ತು ಊರೊಳಗಿನ 17 ಕಟ್ಟಡಗಳು ಸೇರಿ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಬಂತು. ಮುಹರ್ರಖ್‌ನ ಪುನರುಜ್ಜೀವನಕ್ಕೆ 2019ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಸಿಕ್ಕಿದೆ.

ಹೆಚ್ಚಿನವರು ಅಲ್ಲಿ ಹೋದರೆ ಸಿಯಾದಿ ಮನೆತನದ ಮುತ್ತಿನ ವ್ಯಾಪಾರಿಯ ದೊಡ್ಡ ಮನೆ ಎದುರು ಫೋಟೋ ತೆಗೆಸಿಕೊಂಡು ಬರ್ತಾರೆ. ನನ್ನ ಸಲಹೆ ಬೇರೆ. ಪಟ್ಟಿಯಲ್ಲಿರೋ ಅಲ್ ಘೂಸ್ ಮನೆ ಮತ್ತು ಅಲ್ ಜಲಾಹ್ಮಾ ಮನೆ ಹುಡುಕಿ. ಮೊದಲನೆಯದು ನೀರಿಗೆ ಮುಳುಗುತ್ತಿದ್ದವನ ಮನೆ. ಎರಡನೆಯದು ದೋಣಿಯ ಮೇಲೆ ನಿಂತು ಅವನ ಹಗ್ಗ ಎಳೆಯುತ್ತಿದ್ದವನ ಮನೆ. ಕಾಲಿಗೆ ಕಲ್ಲು, ಮೂಗಿಗೆ ಕ್ಲಿಪ್ಪು, ಕೊರಳಲ್ಲಿ ಬುಟ್ಟಿ. ಒಂದು ನಿಮಿಷಕ್ಕೂ ಮೀರಿ ಉಸಿರು ಕಟ್ಟಿ ಚಿಪ್ಪು ಹೆಕ್ಕಿ, ಹಗ್ಗ ಜಗ್ಗಿದರೆ ಮೇಲಿನವನು ಎಳೆದುಕೊಳ್ಳಬೇಕು. ದಿನಕ್ಕೆ ಎಷ್ಟೋ ಸಲ, ಜೂನ್‌ನಿಂದ ಸೆಪ್ಟೆಂಬರ್ ತನಕ, ನೆತ್ತಿ ಸುಡೋ ಬಿಸಿಲಲ್ಲಿ. ದೋಣಿಯಲ್ಲಿ ಹಾಡೋದಕ್ಕೇ ಒಬ್ಬ ಇರ್ತಿದ್ದ. ಅವರ ಫಿಜಿರಿ ಹಾಡುಗಾರಿಕೆ 2021ರಲ್ಲಿ ಯುನೆಸ್ಕೋದ ಇನ್ನೊಂದು ಪಟ್ಟಿ ಸೇರಿತು.

ಅವರ ಸಂಬಳದ ಕಥೆ ಕೇಳಿ. ದೋಣಿಯ ಯಜಮಾನನಿಗೆ ನಖೂದಾ ಅಂತ ಹೆಸರು. ಭಟ್ಕಳ, ಹೊನ್ನಾವರದ ಕಡೆಯವರಿಗೆ ಈ ಪದ ಹೊಸದಲ್ಲ. ಹಂಗಾಮು ಶುರುವಾಗೋ ಮುಂಚೆ ನಖೂದಾ ಮುಂಗಡ ಕೊಡ್ತಿದ್ದ, ಮನೆಯವರ ಹೊಟ್ಟೆಪಾಡಿಗೆ. ಹಂಗಾಮು ಮುಗಿದ ಮೇಲೆ ಪಾಲು ಲೆಕ್ಕ ಹಾಕಿದರೆ ಮುಂಗಡವೂ ತೀರುತ್ತಿರಲಿಲ್ಲ. ಮುಂದಿನ ವರ್ಷ ಮತ್ತೆ ಅವನದೇ ದೋಣಿ. ಅಪ್ಪ ಸತ್ತರೆ ಸಾಲ ಮಗನ ತಲೆಗೆ. 1920ರ ದಶಕದಲ್ಲಿ ಇದನ್ನ ಸರಿ ಮಾಡೋಕೆ ನಿಯಮಗಳು ಬಂದವು. ಅಷ್ಟರಲ್ಲಿ ಜಪಾನಿನ ಮಿಕಿಮೊಟೊ ಸಾಕಿದ ಮುತ್ತು ಮಾರುಕಟ್ಟೆಗೆ ಬಂತು, ಜಗತ್ತಿನಾದ್ಯಂತ ಆರ್ಥಿಕ ಕುಸಿತವೂ ಆಯ್ತು. 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಮಕಾಡೆ ಮಲಗಿತು.

ಮುಂಗಡ, ಸಾಲ, ತೀರದ ಲೆಕ್ಕ... ಎಲ್ಲೋ ಕೇಳಿದ ಹಾಗಿದೆ ಅಲ್ವಾ? ವೀಸಾಕ್ಕೆ ಅಂತ ಊರಲ್ಲಿ ಏಜೆಂಟನಿಗೆ ದುಡ್ಡು ಕೊಟ್ಟು, ಆ ಬಡ್ಡಿ ತೀರಿಸೋಕೆ ಎರಡು ವರ್ಷ ದುಡಿಯೋ ನಮ್ಮ ಹುಡುಗರು ಸಿತ್ರಾದ ಕ್ಯಾಂಪುಗಳಲ್ಲಿ ಇದ್ದಾರೆ. ಗಲ್ಫ್ ಅನ್ನೋದು ಬರೀ ಬ್ಯಾಂಕು, ಇಲ್ಲಿಯ ಜನಕ್ಕೂ ನಮಗೂ ಏನು ಸಂಬಂಧ ಅನ್ನೋರು ಆ ಚಿಕ್ಕ ಮನೆಗಳ ಮುಂದೆ ಐದು ನಿಮಿಷ ನಿಂತು ಬರಲಿ. ಇದು ನನ್ನ ಎರಡನೇ ವಾದ.

ಸಂಬಂಧ ಅಂದ್ರೆ ಇನ್ನೂ ಇದೆ. ಇಲ್ಲಿಯ ಮುತ್ತು ಹೋಗ್ತಿದ್ದದ್ದು ಬಾಂಬೆಗೆ. ಇಲ್ಲಿಯ ದೋಣಿಗೆ ತೇಗದ ಮರ ಬರ್ತಿದ್ದದ್ದು ಮಲಬಾರ್ ಕಡೆಯಿಂದ. 1965ರಲ್ಲಿ ದಿನಾರ್ ಬರೋ ತನಕ ಇಲ್ಲಿ ಓಡ್ತಿದ್ದದ್ದು ರೂಪಾಯಿ, ಹತ್ತು ರೂಪಾಯಿಗೆ ಒಂದು ದಿನಾರ್ ಲೆಕ್ಕದಲ್ಲಿ ಬದಲಾಯಿಸಿದ್ರು. (ಈಗ ಇನ್ನೂರು ದಾಟಿದೆ, ಆ ದುಃಖ ಬೇಡ ಬಿಡಿ.)

ಮುಹರ್ರಖ್ ಬಿಡೋ ಮುಂಚೆ ಹಲ್ವಾ. ಶೊವೈತರ್ ಮನೆತನದವರು ತಲೆಮಾರುಗಳಿಂದ ಮಾಡ್ತಿರೋ, ಕೇಸರಿ-ಏಲಕ್ಕಿ ಹಾಕಿದ ಅಂಟು ಹಲ್ವಾ. ಮಧ್ಯಾಹ್ನದ ಊಟಕ್ಕೆ ಮುಹಮ್ಮರ್ ಸಿಗೋ ಕಡೆ ಹೋಗಿ. ಖರ್ಜೂರದ ಪಾಕದಲ್ಲಿ ಬೇಯಿಸಿದ ಕಂದು ಬಣ್ಣದ ಸಿಹಿ ಅನ್ನ, ಜೊತೆಗೆ ಹುರಿದ ಮೀನು. ನೀರಿಗೆ ಮುಳುಗೋರಿಗೆ ತ್ರಾಣ ಕೊಡ್ತಿದ್ದ ಊಟ ಇದು ಅಂತಾರೆ. ಸಂಪ್ರದಾಯದ ಜೋಡಿ ಸಾಫಿ ಮೀನು.

ಆದ್ರೆ ಇಲ್ಲೊಂದು ಮಾತು, ವಸಂತದಲ್ಲಿ ಹೊರಡೋರಿಗೆ ಮುಖ್ಯವಾದದ್ದು. ಸಾಫಿ ಮೊಟ್ಟೆ ಇಡೋ ಕಾಲ ಅಂತ ಏಪ್ರಿಲ್, ಮೇ ಎರಡು ತಿಂಗಳು ಅದನ್ನ ಹಿಡಿಯೋಕೂ ಮಾರೋಕೂ ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ನಿಷೇಧ ಹಾಕುತ್ತಾ ಬಂದಿದೆ. ಸೀಗಡಿಗೆ ಫೆಬ್ರವರಿಯಿಂದ ಜುಲೈ ತನಕ ಆರು ತಿಂಗಳ ನಿಷೇಧ. ನಮ್ಮ ಕರಾವಳಿಯಲ್ಲಿ ಜೂನ್-ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ, ಅದೇ ಲೆಕ್ಕ. ಹಾಗಾಗಿ ಮಾರ್ಚ್‌ನಲ್ಲಿ ಹೊರಟರೆ ಸಾಫಿ ತಿನ್ನಿ, ಏಪ್ರಿಲ್‌ನಲ್ಲಿ ಹೊರಟರೆ ಚನಾದ್ ಕೇಳಿ. ಚನಾದ್ ಅಂದ್ರೆ ಬೇರೆ ಏನಲ್ಲ, ನಮ್ಮ ಅಂಜಲ್. ಉತ್ತರ ಕನ್ನಡದವರ ಇಸವಣ. "ಪರಿಚಯದವರು ಇದ್ದಾರೆ, ಗುಟ್ಟಾಗಿ ತರಿಸ್ತೀನಿ" ಅನ್ನೋ ಜಾಣತನ ದಯವಿಟ್ಟು ಬೇಡ. ಕೊಲ್ಲಿಯೇ ಹೆಚ್ಚುಕಮ್ಮಿ ಅರ್ಧ ಹೋಗಿರೋ ಜಾಗದಲ್ಲಿ ಉಳಿದಿರೋ ಮೀನಿಗೂ ಮರಿ ಮಾಡೋಕೆ ಬಿಡದಿದ್ರೆ, ಮುಂದೆ ಮುಹಮ್ಮರ್ ಜೊತೆ ಉಪ್ಪಿನಕಾಯಿ ನೆಂಚಿಕೊಳ್ಳಬೇಕಾದೀತು.

ಎರಡನೇ ದಿನ ಸಂಜೆಗೆ ಉತ್ತರ ತೀರದ ಬಹರೈನ್ ಕೋಟೆ, ಕಲ್‌ಅತ್ ಅಲ್ ಬಹರೈನ್. ಮೇಲೆ ಕಾಣೋ ಕೋಟೆಯನ್ನ ಪೋರ್ಚುಗೀಸ್ ಕೋಟೆ ಅಂತಲೂ ಕರೀತಾರೆ. ಆದ್ರೆ ಅದು ನಿಂತಿರೋದು ಸುಮಾರು 12 ಮೀಟರ್ ಎತ್ತರದ ದಿಬ್ಬದ ಮೇಲೆ. ಆ ದಿಬ್ಬ ಮಣ್ಣಿನ ಗುಡ್ಡವಲ್ಲ, ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಒಬ್ಬರ ಮನೆ ಮೇಲೆ ಒಬ್ಬರು ಮನೆ ಕಟ್ಟುತ್ತಾ ಬಂದು ಎದ್ದದ್ದು. 1954ರಿಂದ ಡೆನ್ಮಾರ್ಕಿನ ಗ್ಲೋಬ್ ಮತ್ತು ಬಿಬ್ಬಿ ತಂಡದವರು ಅಗೆದಾಗ ಗೊತ್ತಾಯ್ತು, ಇದು ದಿಲ್ಮುನ್ ನಾಡಿನ ರಾಜಧಾನಿ ಅಂತ. ಸಿಂಧೂ ಕಣಿವೆಯ ಮಾದರಿಯ ತೂಕದ ಕಲ್ಲುಗಳು ಇಲ್ಲಿ ಸಿಕ್ಕಿವೆ, ಇಲ್ಲಿಯ ಮಾದರಿಯ ಮುದ್ರೆ ಗುಜರಾತಿನ ಲೋಥಲ್‌ನಲ್ಲಿ ಸಿಕ್ಕಿದೆ. 2005ರಲ್ಲಿ ಇದು ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1521ರಲ್ಲಿ ಪೋರ್ಚುಗೀಸರು ಬಹರೈನ್ ಹಿಡಿದರು, 1602ರ ತನಕ ಇದ್ದರು. ಅದೇ ಶತಮಾನದಲ್ಲಿ ಅವರು ನಮ್ಮ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲೂ ಕೋಟೆ ಕಟ್ಟಿ ಕೂತಿದ್ದರು. ಬಸರೂರಿನ ಅಕ್ಕಿ ಹೊರ್ಮುಜ್, ಮಸ್ಕತ್‌ಗಳಿಗೆ ಬರ್ತಿತ್ತು. ಈ ಕಡೆಯ ಕುದುರೆಗಳು ಭಟ್ಕಳದ ದಾರಿಯಲ್ಲಿ ವಿಜಯನಗರಕ್ಕೆ ಹೋಗ್ತಿದ್ದವು.

ಕೋಟೆಯಲ್ಲಿ ತಪ್ಪದೆ ನೋಡಬೇಕಾದದ್ದು ಮದ್ಬಸಾ. ನೆಲದಲ್ಲಿ ಸಾಲಾಗಿ ಸಣ್ಣ ಕಾಲುವೆ ತೋಡಿದ ಕೋಣೆ. ಖರ್ಜೂರದ ಮೂಟೆಗಳನ್ನ ಒಂದರ ಮೇಲೊಂದು ಒಟ್ಟಿದರೆ ಅದರ ಭಾರಕ್ಕೇ ರಸ ಒಸರಿ, ಕಾಲುವೆಯಲ್ಲಿ ಹರಿದು ಗುಂಡಿಗೆ ಬೀಳುತ್ತೆ. ಮಲೆನಾಡಿನ ಜೋನಿಬೆಲ್ಲ ನೆನಪಾಗುವಂಥ ಪಾಕ. ಹಿಂದಿನ ದಿನ ಊಟದ ತಟ್ಟೆಯಲ್ಲಿ ತಿಂದ ಸಿಹಿ ಎಲ್ಲಿಂದ ಬಂತು ಅಂತ ಮಕ್ಕಳಿಗೆ ಅಲ್ಲಿ ನಿಂತು ಹೇಳಬಹುದು. ಯಾವ ಮಾಲ್‌ನಲ್ಲಿ ಇದು ಸಿಗುತ್ತೆ ಹೇಳಿ?

ಇನ್ನು ಲೆಕ್ಕಾಚಾರದ ಮಾತು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದ ತನಕ ಹವೆ ಚೆನ್ನಾಗಿರುತ್ತೆ. ಫಾರ್ಮುಲಾ ವನ್ ರೇಸ್ ಇರೋ ವಾರ ಬೇಡ, ರಸ್ತೆ ತುಂಬಿರುತ್ತೆ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯೋದ್ರಿಂದ ಕ್ಯಾಲೆಂಡರ್ ನೋಡಿಕೊಳ್ಳಿ. ಆ ತಿಂಗಳು ಬಂದರೆ ಹಗಲಲ್ಲಿ ಹೊರಗೆ ತಿನ್ನೋ ಹಾಗಿಲ್ಲ, ಸಂಜೆ ಹೊರಡಿ. ಮ್ಯೂಸಿಯಂಗಳ ರಜೆ ಮತ್ತು ಸಮಯ ಮೊದಲೇ ವಿಚಾರಿಸಿ. ಹಳ್ಳಿಗಳೊಳಗೆ ಜನರ ಫೋಟೋ ತೆಗೆಯೋ ಮುಂಚೆ ಕೇಳಿ, ರಿಫೈನರಿ ಮತ್ತು ಎಣ್ಣೆ ಟ್ಯಾಂಕುಗಳ ಕಡೆ ಕ್ಯಾಮೆರಾ ಎತ್ತಲೇಬೇಡಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಪ್ರವಾಸ ಬರೀ ಕಾರು ಇದ್ದವರದ್ದು ಆಗಬಾರದು. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರ ತನಕ ಹೊರಗೆ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿರೋ ದೇಶ ಇದು. ಅಂಥ ಬಿಸಿಲಲ್ಲಿ ದುಡಿಯೋ ನಮ್ಮವರಿಗೆ ಹೊರಗೆ ಆರಾಮಾಗಿ ಓಡಾಡೋಕೆ ಸಿಗೋದು ಈ ಎರಡು ತಿಂಗಳ ಶುಕ್ರವಾರಗಳು ಮಾತ್ರ. ನಮ್ಮ ಕೂಟಗಳ ಪಿಕ್ನಿಕ್ಕುಗಳು ಟಿಕೆಟ್ ಇಟ್ಟ ರೆಸಾರ್ಟುಗಳಲ್ಲೇ ನಡೆದರೆ, ನಾಲ್ಕು ಜನರ ಕುಟುಂಬಕ್ಕೂ ಅದು ಕೈ ಕಚ್ಚುತ್ತೆ, ಕ್ಯಾಂಪಿನ ಹುಡುಗನಂತೂ ಆ ಕಡೆ ತಲೆ ಹಾಕಲ್ಲ. ಅವನು ಬಿಟ್ಟಿ ಊಟಕ್ಕೆ ಕಾದು ಕೂತವನೂ ಅಲ್ಲ. ತನ್ನ ಪಾಲಿನ ದುಡ್ಡು ತಾನೇ ಕೊಡೋ ಹಾಗಿದ್ದರೆ ಮಾತ್ರ ಬರೋ ಸ್ವಾಭಿಮಾನಿ.

ಆದ್ರೆ ಈ ದಾರಿಯಲ್ಲಿ ಖರ್ಚು ಎಲ್ಲಿದೆ? ಒಂದು ಬಸ್ಸಿನ ಬಾಡಿಗೆ ಹಂಚಿಕೊಂಡರೆ ಆಯ್ತು. ಬಂದರಿಗೆ ಟಿಕೆಟ್ ಇಲ್ಲ, ಮುಹರ್ರಖ್‌ನ ಗಲ್ಲಿಗಳಲ್ಲಿ ನಡೆಯೋಕೆ ಟಿಕೆಟ್ ಇಲ್ಲ, ನಖ್ಖಿ-ಖುಬ್ಝ್ ಎಲ್ಲರ ಜೇಬಿಗೂ ಎಟಕುತ್ತೆ. ಎರಡು ದಿನ ರಜೆ ಎಲ್ಲರಿಗೂ ಎಲ್ಲಿ ಸಿಗುತ್ತೆ? ಹಾಗಾಗಿ ಎರಡು ಬೇರೆ ಬೇರೆ ಶುಕ್ರವಾರ ಇಟ್ಟುಕೊಳ್ಳಿ. ಬಸ್ಸು ಮನಾಮಾದಿಂದ ಹೊರಟು ಸಿತ್ರಾದವರನ್ನ ದಾರಿಯಲ್ಲಿ ಹತ್ತಿಸಿಕೊಳ್ಳೋದಲ್ಲ. ಸಿತ್ರಾದಿಂದಲೇ ಹೊರಡಲಿ, ಉಳಿದವರು ಅಲ್ಲಿಗೆ ಬರಲಿ. ಆ ರಸ್ತೆ, ಆ ರೊಟ್ಟಿ ಅಂಗಡಿ, ಆ ಬಂದರು ಚೆನ್ನಾಗಿ ಗೊತ್ತಿರೋದು ಅಲ್ಲಿ ಇರೋರಿಗೆ. ಅರ್ಧ ದಿನ ಅವರೇ ನಮಗೆ ಗೈಡ್ ಆಗಲಿ ಬಿಡಿ.

ಗಲ್ಫ್‌ನಲ್ಲಿ ನಮ್ಮದು ಶಾಶ್ವತ ವಾಸ ಅಲ್ಲ. ವೀಸಾ ಮುಗಿದ ದಿನ ಎಲ್ಲರೂ ಗಂಟುಮೂಟೆ ಕಟ್ಟಲೇಬೇಕು. ಆಗ ಊರಲ್ಲಿ ಯಾರಾದರೂ "ಬಹರೈನ್ ಹೇಗಿತ್ತು ಮಾರಾಯ?" ಅಂತ ಕೇಳೇ ಕೇಳ್ತಾರೆ. "ಸಿಕ್ಕಾಪಟ್ಟೆ ಬಿಸಿಲು" ಅನ್ನೋದು ಬಿಟ್ಟು ಇನ್ನೊಂದು ಮಾತು ಹೇಳೋಕಾದ್ರೂ, ಮಾರ್ಚ್‌ನ ಎರಡು ಶುಕ್ರವಾರ ಈಗಲೇ ಗುರುತು ಹಾಕಿಟ್ಟುಕೊಳ್ಳಿ. ಏನಂತೀರಾ?